ಕಪಿಯಲ್ಲಿ ಪಿಕವಿಲ್ಲ

ಚಿಕ್ಕಪೇಟೆಗೆ ಅಂಟಿಕೊಂಡ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಇಂಗ್ಲಿಷ್ ಪದಸಂಪತ್ತು ಬೆಳೆಸುವ ಕೈಪಿಡಿಗಳಿಗೆ ಎಂದೂ ಬರವಿಲ್ಲ. ಒಂದೇ ಗುಂಪಿನ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಯಾವ ಯಾವ ಪದಗಳಾಗುತ್ತವೆ, ಅವುಗಳ ಅರ್ಥವೇನು ಎಂದು ಕಲಿಸುವುದು ಇಂಥ ಕಲಿಕೆಯ ಒಂದು ಹಳೆಯ ದಾರಿ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಅದು ಒಳ್ಳೆಯ ಉಪಾಯವೇ. ಆದರೆ ಅದೇ ಪಟ್ಟಿ ಪ್ರವಚನದ ವೇದಿಕೆ ಏರಿದಾಗ ಬೇರೆಯೇ ಪ್ರಶ್ನೆ ಏಳುತ್ತದೆ. ‘ಲಿಸನ್’ ಮತ್ತು ‘ಸೈಲೆಂಟ್’ ಎಂಬ ಎರಡು ಇಂಗ್ಲಿಷ್ ಪದಗಳಲ್ಲಿರುವುದು ಅವೇ ಆರು ಅಕ್ಷರಗಳು. ಆದ್ದರಿಂದ ಮೌನವಿಲ್ಲದೆ ಶ್ರವಣವಿಲ್ಲ ಎಂದು ಭಾಷೆಯೇ ಸಾರುತ್ತಿದೆ ಎನ್ನುವ ಮಾತನ್ನು ಕೇಳದವರು ಕಡಿಮೆ. ಶ್ರವಣಕ್ಕೆ ಮೌನ ಬೇಕೆಂಬುದು ನಿಜ. ಅದಕ್ಕೆ ತಂದ ಸಾಕ್ಷಿ ಮಾತ್ರ ನಿಲ್ಲುವಂಥದ್ದಲ್ಲ. ಅವೇ ಆರು ಅಕ್ಷರಗಳಿಂದ ಸೈನ್ಯಕ್ಕೆ ಸೇರು ಎನ್ನುವ ‘ಎನ್‌ಲಿಸ್ಟ್’ ಆಗುತ್ತದೆ, ಥಳಕಿನ ನಕಲಿ ಜರಿ ಎನ್ನುವ ‘ಟಿನ್ಸೆಲ್’ ಆಗುತ್ತದೆ, ನೆಲದೊಳಕ್ಕೆ ಚಾಚಿದ ಕಿರುಕೊಲ್ಲಿಗಳೆಂಬ ‘ಇನ್‌ಲೆಟ್ಸ್’ ಆಗುತ್ತದೆ. ಶ್ರವಣದ ಗುಟ್ಟು ಮೌನದಲ್ಲಿದೆ ಎಂದವರು ಅದು ಜರಿಯಲ್ಲೂ ಇದೆ ಎಂದು ಒಪ್ಪುವುದಿಲ್ಲ. ಹೊಂದುವ ಪದವನ್ನು ಆರಿಸಿಕೊಂಡು, ಹೊಂದದ್ದನ್ನು ಬದಿಗೆ ಸರಿಸಿ, ಆರಿಸಿದವರು ನಾವೇ ಎಂಬುದನ್ನು ಮರೆತಾಗ ಮಾತ್ರ ಅದು ದೈವಸಂಕೇತದಂತೆ ಕಾಣುತ್ತದೆ.

ಅಕ್ಷರಗಳಲ್ಲೇ ಅರ್ಥ ಅಡಗಿದೆಯೇ ಎಂಬ ಈ ಪ್ರಶ್ನೆ ನಮ್ಮ ದರ್ಶನಗಳಿಗೆ ಹೊಸದಲ್ಲ. ಬ್ರಹ್ಮಸೂತ್ರದ ಮೊದಲ ಅಧ್ಯಾಯ, ಮೂರನೆಯ ಪಾದ, 28ನೆಯ ಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು ಇದನ್ನೇ ಎತ್ತಿಕೊಳ್ಳುತ್ತಾರೆ. ಶಬ್ದವೆಂದರೆ ವರ್ಣಗಳೇ ಎಂಬ ಪೂರ್ವಾಚಾರ್ಯ ಉಪವರ್ಷರ ಮತವನ್ನು ಅವರು ಎತ್ತಿಹಿಡಿದಾಗ ಎದುರಾಳಿ ತಡೆಯುತ್ತಾನೆ: ವರ್ಣಗಳೇ ಶಬ್ದವಾದರೆ ರಾಜಾ ಮತ್ತು ಜಾರಾ, ಕಪಿ ಮತ್ತು ಪಿಕ ಬೇರೆ ಬೇರೆ ಪದಗಳೆಂದು ತಿಳಿಯುವುದು ಹೇಗೆ? ಮಂಗನ ಹೆಸರಿನಲ್ಲೂ ಕೋಗಿಲೆಯ ಹೆಸರಿನಲ್ಲೂ ಇರುವುದು ಅವೇ ವರ್ಣಗಳಲ್ಲವೆ? ಇದು ಹಗುರವಾದ ಆಕ್ಷೇಪವಲ್ಲ. ಇದೇ ತೊಡಕಿನಿಂದ ಹೊರಟ ವೈಯಾಕರಣರು ವರ್ಣಗಳಾಚೆಗೆ ಸ್ಫೋಟವೆಂಬ ಅಖಂಡ ಶಬ್ದತತ್ತ್ವವನ್ನೇ ಒಪ್ಪಿದರು. ಭರ್ತೃಹರಿಯ ದರ್ಶನ ಬೆಳೆದದ್ದು ಆ ನೆಲೆಯಲ್ಲಿ. ಶಂಕರರು ಅಷ್ಟು ದೂರ ಹೋಗುವುದಿಲ್ಲ. ಇರುವೆಗಳು ಒಂದರ ಹಿಂದೊಂದು ನಡೆದಾಗಲೇ ಸಾಲೆಂಬ ಬುದ್ಧಿ ಹುಟ್ಟುವಂತೆ, ವರ್ಣಗಳು ಒಂದು ಕ್ರಮದಲ್ಲಿ ಬಂದಾಗಲೇ ಪದವೆಂಬ ಬುದ್ಧಿ ಹುಟ್ಟುತ್ತದೆ ಎಂದು ಉತ್ತರಿಸುತ್ತಾರೆ. ಅದರ ಜೊತೆಗೇ ಅವರು ಇನ್ನೊಂದು ಮಾತು ಹೇಳುತ್ತಾರೆ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ: ಇಂಥ ಕ್ರಮದಲ್ಲಿ ಬಂದ ಇಂತಿಷ್ಟು ವರ್ಣಗಳಿಗೆ ಇಂಥ ಅರ್ಥ ಎಂಬುದನ್ನು ನಾವು ಹಿರಿಯರ ವ್ಯವಹಾರ ನೋಡಿ ಕಲಿಯುತ್ತೇವೆ. ಪದಕ್ಕೂ ಅರ್ಥಕ್ಕೂ ಇರುವ ನಂಟು ನಿತ್ಯವೆಂದು ನಂಬಿದ ಪರಂಪರೆಯೇ, ಆ ನಂಟು ಬಿಡಿ ವರ್ಣಗಳನ್ನು ದಿಟ್ಟಿಸಿದರೆ ಕಾಣಸಿಗುವುದಿಲ್ಲ ಎಂದಿತು. ಕನ್ನಡದಲ್ಲೂ ಹೀಗೆಯೇ: ದಿನ ನದಿಯಾಗುತ್ತದೆ, ರಸ ಸರವಾಗುತ್ತದೆ, ಸ್ವರಗಳಷ್ಟೇ ಜಾಗ ಬದಲಿಸಿದರೆ ಕಲೆ ಕೆಲವಾಗುತ್ತದೆ, ಕುರಿ ಕಿರುವಾಗುತ್ತದೆ. ಈ ಜೋಡಿಗಳ ನಡುವೆ ಅರ್ಥದ ನಂಟನ್ನು ಯಾರೂ ಹುಡುಕುವುದಿಲ್ಲ. ನಮ್ಮದೇ ನುಡಿಯಲ್ಲಿ ಬೇಡವಾದ ತರ್ಕ ಇಂಗ್ಲಿಷಿನಲ್ಲಿ ಮಾತ್ರ ತತ್ತ್ವವಾಗುವುದು ಸರಿಯೆ?

ಹಾಗಾದರೆ ವಾಲ್ಮೀಕಿಯ ಕಥೆ ಏನಾಯಿತು ಎಂದು ಆಸ್ತಿಕರು ಕೇಳಬಹುದು. ಬೇಡನೊಬ್ಬ ‘ಮರಾ ಮರಾ’ ಎಂದು ಜಪಿಸಿದ್ದೇ ರಾಮನಾಮವಾಯಿತು ಎಂಬ ಕಥೆ ನಮ್ಮ ಮನೆಮನೆಯ ನಂಬಿಕೆ. ಅದನ್ನು ನಿರಾಕರಿಸಬೇಕಾಗಿಲ್ಲ, ಗಮನವಿಟ್ಟು ಕೇಳಿದರೆ ಸಾಕು. ಬಿಡದೆ ಜಪಿಸಿದಾಗ ಪದದ ಗಡಿ ಸರಿದು, ಕಿವಿಗೆ ‘ರಾಮ’ ಎಂಬ ಕ್ರಮವೇ ಕೇಳಿಸತೊಡಗಿತು. ಕ್ರಮ ಬದಲಾದ ಮೇಲೆಯೇ ಅದು ನಾಮವಾದದ್ದು. ಅಕ್ಷರಗಳಷ್ಟೇ ಸಾಕಾಗಿದ್ದರೆ ಮಾರ ಎಂದರೂ ರಾಮನೇ ಆಗಬೇಕಿತ್ತು; ಮಾರ ಎಂದರೆ ಮನ್ಮಥ. ಇನ್ನು ಓಂಕಾರ. ಮಾಂಡೂಕ್ಯ ಉಪನಿಷತ್ತು ಅಕಾರ, ಉಕಾರ, ಮಕಾರಗಳಿಗೆ ಎಚ್ಚರ, ಕನಸು, ನಿದ್ದೆಗಳನ್ನು ಹೊಂದಿಸಿ ಹೇಳುತ್ತದೆ. ಅರ್ಥ ಆ ವರ್ಣಗಳಲ್ಲೇ ಬಿಚ್ಚಿಟ್ಟಂತಿದ್ದರೆ ಉಪನಿಷತ್ತು ಉಪದೇಶಿಸುವ ಅಗತ್ಯವೇ ಇರಲಿಲ್ಲ. ವೇದಾಧ್ಯಯನದ ಪದ್ಧತಿಯನ್ನೂ ನೋಡಬೇಕು. ಜಟಾ, ಘನ ಪಾಠಗಳಲ್ಲಿ ಪದಗಳನ್ನು ಹಿಂದುಮುಂದಾಗಿ ಉಚ್ಚರಿಸುತ್ತಾರೆ. ಅದು ಹೊಸ ಮಂತ್ರವನ್ನು ಹುಟ್ಟಿಸಲಿಕ್ಕಲ್ಲ, ಸಂಹಿತೆಯ ಮೂಲಕ್ರಮ ಒಂದಿಷ್ಟೂ ಕದಲದಂತೆ ಕಾಯಲಿಕ್ಕೆ.

ಅಕ್ಷರಗಳಿಗೆ ಅಂಕೆ ಹೊಂದಿಸುವ ಕಟಪಯಾದಿಯ ಲೆಕ್ಕ ಇದಕ್ಕಿಂತ ಗಟ್ಟಿಯಾದ ಆಕ್ಷೇಪದಂತೆ ಕಾಣುತ್ತದೆ. ಆ ಲೆಕ್ಕದಲ್ಲಿ ‘ಜಯ’ ಎಂದರೆ 18; ಮಹಾಭಾರತಕ್ಕೆ 18 ಪರ್ವ, ಯುದ್ಧಕ್ಕೆ 18 ದಿನ. ಆದರೆ ರಾಮನವಮಿಯ ಕಾಲದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮಸೇವಾ ಮಂಡಳಿಯ ಸಂಗೀತ ಕಛೇರಿಗಳನ್ನು ಕೇಳುವವರಿಗೆ ಈ ಲೆಕ್ಕದ ಒಳಗುಟ್ಟು ಗೊತ್ತು. ಶಂಕರಾಭರಣವೆಂಬ ರಾಗ ಮೊದಲೇ ಇತ್ತು. 29ನೆಯ ಮೇಳವೆಂದು ಹೆಸರಿನಲ್ಲೇ ತಿಳಿಯಲೆಂದು ‘ಧೀರ’ ಸೇರಿಸಿದರು. ಕಲ್ಯಾಣಿ ಹಾಗೆಯೇ 65ಕ್ಕಾಗಿ ಮೇಚಕಲ್ಯಾಣಿಯಾಯಿತು. ಸಂಖ್ಯೆಯನ್ನು ಅಕ್ಷರದೊಳಗೆ ಇಟ್ಟವರು ಮನುಷ್ಯರು, ತಿಳಿದೇ ಇಟ್ಟರು, ಇಟ್ಟ ನಿಯಮವನ್ನೂ ಹೇಳಿಕೊಟ್ಟರು. ಅದು ಪ್ರಾಮಾಣಿಕ ಸಂಕೇತ. 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಗಿ ಬೆರಗು ಹುಟ್ಟಿಸಿದ, ಅಂಕಿಗಳಲ್ಲೇ ಬರೆದ ಕುಮುದೇಂದುವಿನ ಸಿರಿಭೂವಲಯ ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ, ನಿಜ. ಆದರೆ ಅದರ ಅಂಕಚೌಕಗಳನ್ನು ಓದಲು ಕೂಡ ಯಾವ ಬಂಧದಲ್ಲಿ, ಯಾವ ಜಾಡಿನಲ್ಲಿ ಸಾಗಬೇಕೆಂದು ಮೊದಲು ತಿಳಿಯಬೇಕು.

ಇದು ಬರಿಯ ಪಂಡಿತರ ಚರ್ಚೆಯಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅದೃಷ್ಟ ಕೂಡಿಬರಲೆಂದು ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೆ ಇನ್ನೊಂದು ‘ಎ’ ಸೇರಿಸಿಕೊಳ್ಳುವವರು, ಅದಕ್ಕಾಗಿ ದುಡ್ಡು ತೆತ್ತವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಕನ್ನಡದಲ್ಲಿ ಬರೆದರೆ ಆ ಹೆಸರು ಇದ್ದ ಹಾಗೆಯೇ ಇರುತ್ತದೆ, ತಾಯಿ ಕೂಗುವುದೂ ಹಾಗೆಯೇ. ವಿಧಿ ಒಂದು ಲಿಪಿಯನ್ನು ಮಾತ್ರ ಓದುತ್ತದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮನಸ್ಸಿಗೆ ಸಮಾಧಾನ ಸಿಗುವುದಾದರೆ ನಷ್ಟವೇನು ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಕಷ್ಟದಲ್ಲಿರುವವರ ದುಡ್ಡೂ ಭರವಸೆಯೂ ಅಲ್ಲಿ ಹೋಗುತ್ತಿವೆ, ಅದೇ ನಷ್ಟ.

ಮಕ್ಕಳಿಗೆ ಅಕ್ಷರ ಹಿಂದುಮುಂದಾದ ಪದಗಳನ್ನು ಕಲಿಸುವ ಮೇಷ್ಟ್ರುಗಳು ಪಟ್ಟಿಯ ಜೊತೆಗೆ ಕಪಿ–ಪಿಕಗಳ ಈ ವಾದವನ್ನೂ ಹೇಳಿಕೊಡಲಿ. ಸಂಸ್ಕೃತ ಬಾರದವರೂ ಹಿಂಜರಿಯಬೇಕಾಗಿಲ್ಲ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಬ್ರಹ್ಮಸೂತ್ರದ ಶಾಂಕರಭಾಷ್ಯವನ್ನು ಕನ್ನಡಕ್ಕೆ ತಂದಿದ್ದಾರೆ. ಅವರು ಕಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಶಾಖೆ ಬಸವನಗುಡಿಗೆ ಹತ್ತಿರದ ತ್ಯಾಗರಾಜನಗರದಲ್ಲಿದೆ.