ಅರ್ಜಿಯಲ್ಲಿ ಕುದುರೆಯ ಸಹಿ ಇಲ್ಲ

ನಮ್ಮ ಬಸವನಗುಡಿ, ಚಾಮರಾಜಪೇಟೆಯ ಮನೆಗಳಲ್ಲಿ ಯಾವುದಾದರೊಂದು ಸ್ಪರ್ಧೆಗೆ ಅರ್ಜಿ ತುಂಬದ ತಿಂಗಳು ಅಪರೂಪ. ಒಬ್ಬರ ಮಗನಿಗೆ ಈಜು, ಇನ್ನೊಬ್ಬರ ಮಗಳಿಗೆ ಚದುರಂಗ, ಪಕ್ಕದ ಮನೆಯಲ್ಲಿ ದೇವರನಾಮ. ದಿನ ಹತ್ತಿರ ಬಂದಾಗ ಮಗುವಿಗೆ ಜ್ವರ ಕಾಣಿಸಿಕೊಂಡರೆ, ಅದುವರೆಗೆ ಹುರುಪಾಗಿದ್ದದ್ದು ಹಠವಾಗುತ್ತದೆ. ಶುಲ್ಕ ಕಟ್ಟಿಯಾಗಿದೆ, ಅಜ್ಜಿ ಮೈಸೂರಿನಿಂದ ಬಂದಿದ್ದಾರೆ, ಮೇಷ್ಟ್ರು ಏನೆಂದುಕೊಂಡಾರು! ಒಂದು ಮಾತ್ರೆ ನುಂಗಿಸಿ ಕರೆದುಕೊಂಡು ಹೊರಡುತ್ತೇವೆ. ಮಗುವಾದರೆ ಕೊನೇ ಗಳಿಗೆಯಲ್ಲಾದರೂ ‘ಅಮ್ಮಾ, ನನ್ನ ಕೈಲಾಗಲ್ಲ’ ಎಂದೀತು. ಅಷ್ಟೂ ಹೇಳಲಾರದ ಜೀವವೊಂದು ನಮ್ಮ ಜೊತೆ ಸ್ಪರ್ಧೆಗೆ ನಿಂತಿದ್ದರೆ?

ನಮ್ಮ ಬೀದಿಯ ಹುಡುಗಿಯೊಬ್ಬಳು ಕಚೇರಿ ಕೆಲಸದ ಜೊತೆಗೆ ಕುದುರೆ ಸವಾರಿ ಕಲಿಯುತ್ತಾಳೆ. ನಸುಕಿಗೇ ಎದ್ದು ಊರಿನ ಆ ತುದಿಗೆ, ಯಲಹಂಕದಾಚೆಗೆ ಹೋಗಿ ಬರುವವಳು. ಹವ್ಯಾಸಿಗಳ ಇವೆಂಟಿಂಗ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಅದರಲ್ಲಿ ಸವಾರ ಮತ್ತು ಕುದುರೆಯ ಅದೇ ಜೋಡಿ ಮೂರು ಪರೀಕ್ಷೆ ದಾಟಬೇಕು. ಮೊದಲು ಡ್ರೆಸಾಜ್, ಅಂದರೆ ಅಂಕಣದೊಳಗೆ ಹೇಳಿದ ಹೆಜ್ಜೆ ಹೇಳಿದ ಕಡೆ ಇಡುವ ಶಿಸ್ತು. ಆಮೇಲೆ ಕ್ರಾಸ್‌ಕಂಟ್ರಿ, ಬಯಲಿನಲ್ಲಿ ಮರದ ದಿಮ್ಮಿ, ಹಳ್ಳ, ನೀರು ಹಾರಿ ಓಡುವುದು. ಕೊನೆಗೆ, ದಣಿದ ಮೈಯಲ್ಲೇ, ಅಡ್ಡಗಂಬ ಬೀಳಿಸದೆ ನೆಗೆಯುವ ಷೋ ಜಂಪಿಂಗ್. ಕೃಷ್ಣರಾವ್ ಪಾರ್ಕಿನಲ್ಲಿ ಸಿಕ್ಕಾಗ ಅವಳ ಮುಖ ಸಪ್ಪಗಿತ್ತು. ‘ಮೊನ್ನೆಯಿಂದ ಮುಂಗಾಲು ಮುಟ್ಟಿದ್ರೆ ಬಿಸಿ ಅನ್ಸುತ್ತೆ ಅಂಕಲ್. ಕುಂಟ್ತಾ ಇಲ್ಲ. ಸೈಸ್ ಮಾತ್ರ ಬೇಡವೇ ಬೇಡ ಅಂತಾರೆ. ಅಪ್ಪ, ಇಷ್ಟು ದಿನ ಒದ್ದಾಡಿ ಈಗ ಬಿಡ್ತೀಯಾ ಅಂತಾರೆ.’

ಲಾಯದಲ್ಲಿ ದಿನಾ ಮೈ ಉಜ್ಜುವ ಆ ಸೈಸ್ ಮಾತೇ ನನಗೆ ಹೆಚ್ಚು ತೂಕದ್ದೆನಿಸಿತು. ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಕ್ಕೆ ಮಾಂಸಖಂಡವೇ ಇಲ್ಲ. ಮೂಳೆ, ಸ್ನಾಯುರಜ್ಜು, ಮೇಲೊಂದು ಚರ್ಮ, ಅಷ್ಟೆ. ನಾಗಾಲೋಟದಲ್ಲಿ ಒಂದೊಂದು ಕ್ಷಣ ಸುಮಾರು 500 ಕಿಲೋ ತೂಕದ ಆ ದೇಹ, ಸವಾರರನ್ನೂ ಹೊತ್ತು, ಒಂದೇ ಮುಂಗಾಲಿನ ಮೇಲೆ ನಿಂತಿರುತ್ತದೆ. ರಜ್ಜುವಿನ ಎಳೆಗಳು ಹರಿಯತೊಡಗಿದರೆ ಎಷ್ಟೋ ಸಲ ಮೊದಲು ತಿಳಿಯುವುದು ಕುಂಟಿನಿಂದಲ್ಲ, ಅಂಗೈಗೆ ತಾಗುವ ಬಿಸಿಯಿಂದ, ತುಸು ಬಾವಿನಿಂದ. ಮೆಲ್ಲಗೆ ನಡೆಸಿದರೆ ಗೊತ್ತಾಗದೆ ಹೋಗಬಹುದು. ಗಟ್ಟಿ ನೆಲದ ಮೇಲೆ ಟ್ರಾಟ್, ಅಂದರೆ ಹಗುರ ಓಟ, ಮಾಡಿಸಿದಾಗ, ನೋಯುವ ಕಾಲು ಊರಿದ ಕೂಡಲೇ ತಲೆ ಮೇಲಕ್ಕೆತ್ತುತ್ತದೆ. ಹುಲಿ ತೋಳಗಳಿಗೆ ಹೆದರಿ ಬಾಳಿದ ಕುಲ ಅದು. ನೋವನ್ನು ಬಚ್ಚಿಡುವುದು ಅದಕ್ಕೆ ಹುಟ್ಟುಗುಣ. ಎದುರಿಗೆ ದಿಮ್ಮಿ ಕಂಡರೆ, ಮೇಲೆ ಕೂತವರು ಕೇಳಿದರೆ, ಹಾರಿಯೇ ಬಿಡುತ್ತದೆ. ಪೂರ್ತಿ ಕೆಟ್ಟ ರಜ್ಜು ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಕೂಡಿದ ಮೇಲೂ ಮೊದಲಿನ ಬಳುಕು ಬರದು. 2021ರ ಆಗಸ್ಟ್ 1ರಂದು ಟೋಕಿಯೊ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿಯಲ್ಲಿ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಗೆ ಗೊರಸಿನ ಮೇಲ್ಭಾಗದ ಅಸ್ಥಿರಜ್ಜು ಹರಿದು, ಉಳಿಸಲಾಗದೆ ದಯಾಮರಣ ಕೊಡಬೇಕಾಯಿತು. ಪಶುವೈದ್ಯರ ತಪಾಸಣೆ ದಾಟಿ ಬಂದ ಕುದುರೆಯದೇ ಈ ಪಾಡಾದರೆ, ಬಿಸಿ ಎಂದು ಗೊತ್ತಿದ್ದೂ ಓಡಿಸುವುದನ್ನು ಧೈರ್ಯವೆನ್ನಲು ನನಗೆ ಮನಸ್ಸು ಬಾರದು.

ಅದೇ ಟೋಕಿಯೊದ ಇವೆಂಟಿಂಗ್‌ನಲ್ಲಿ ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ 23ನೆಯವರಾಗಿ ಮುಗಿಸಿದರು. ಕುದುರೆ ವೈದ್ಯರ ಮಗ ಅವರು. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಅವರಿಗೆ ಬೆಳ್ಳಿ ತಂದುಕೊಟ್ಟ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆ ಆಮೇಲೆ ಗಾಯಗೊಂಡಿತು. ಅದನ್ನು ಬಹುಕಾಲ ವಿಶ್ರಾಂತಿಗೆ ಬಿಟ್ಟು, ಒಲಿಂಪಿಕ್ಸ್‌ಗೆ ಬೇಕಾದ ಅಂಕಗಳನ್ನು ಬೇರೆ ಕುದುರೆಗಳ ಮೇಲೆ ಗಳಿಸಿ, ಅದು ಚೇತರಿಸಿಕೊಂಡ ಮೇಲೆಯೇ ಟೋಕಿಯೊಗೆ ಕರೆದೊಯ್ದರು. ಕಾಯುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಇನ್ನು ಭಾರತ ಪ್ರವಚನ ಕೇಳಿದವರಿಗೆ ದ್ರೋಣಪರ್ವದಲ್ಲಿ ಬರುವ, ಯುದ್ಧದ ಹದಿನಾಲ್ಕನೆಯ ದಿನ ನೆನಪಿರುತ್ತದೆ. ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅರ್ಜುನ ಅಗ್ನಿಪ್ರವೇಶ ಮಾಡಬೇಕು. ಒಂದೊಂದು ಗಳಿಗೆಯೂ ಪ್ರಾಣದ ಬೆಲೆಯದು. ಅಂಥ ಹೊತ್ತಿನಲ್ಲಿ ರಣರಂಗದ ನಡುವೆಯೇ ರಥ ನಿಲ್ಲುತ್ತದೆ. ಅರ್ಜುನ ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತಾನೆ, ಬಾಣದಿಂದ ನೀರು ಬರಿಸುತ್ತಾನೆ. ಕೃಷ್ಣ ಕುದುರೆಗಳ ನೊಗ ಬಿಚ್ಚಿ, ಮೈಗೆ ನೆಟ್ಟ ಬಾಣಗಳನ್ನು ಕಿತ್ತು, ನೀರು ಕುಡಿಸಿ, ಮೈ ತಿಕ್ಕುತ್ತಾನೆ. ಆ ಕಥೆಯನ್ನು ಕೈಮುಗಿದು ಕೇಳುವ ನಾವು, ಊರ ಹೊರಗಿನ ಹವ್ಯಾಸಿ ಕೂಟದ ಒಂದು ಶನಿವಾರವನ್ನು ಬಿಟ್ಟುಕೊಡಲಾರೆವೆ?

ಅವಳಿಗೆ ನಾನು ಹೇಳಿದ್ದು ಇಷ್ಟೆ: ಬಿಡುವುದಾದರೆ ಇವತ್ತೇ ಬಿಡಮ್ಮ, ಆರಂಭದ ಗೆರೆಯ ಹತ್ತಿರ ನಿಂತು ಯೋಚಿಸಬೇಡ. ಅಲ್ಲಿ ನಾಲ್ಕು ಜನರ ಮುಂದೆ ನಮ್ಮ ವಿವೇಕ ಸ್ಥಿರವಾಗಿರುವುದಿಲ್ಲ. ವೈದ್ಯರಿಗೆ ಕಾಲು ತೋರಿಸು, ಸಂಘಟಕರಿಗೆ ಫೋನ್ ಮಾಡು. ಒಬ್ಬೊಬ್ಬರಿಗೂ ನಿಮಿಷ ಲೆಕ್ಕ ಹಾಕಿ ಸರದಿ ಗೊತ್ತುಮಾಡಿರುತ್ತಾರೆ, ಬೇಗ ತಿಳಿಸಿದರೆ ಉಳಿದವರಿಗೆ ಅನುಕೂಲ. ಅಪ್ಪನಿಗೆ ನಾನು ಹೇಳುತ್ತೇನೆ, ಹೋದ ಶುಲ್ಕವನ್ನು ಔಷಧಿ ಖರ್ಚಿಗೆ ಸೇರಿಸಿ ಬರೆದುಕೊಳ್ಳಲಿ. ಕ್ರಾಸ್‌ಕಂಟ್ರಿಯಲ್ಲಿ ಪ್ರತಿಯೊಂದು ದಿಮ್ಮಿ, ಹಳ್ಳದ ಬಳಿಯೂ ಕುದುರೆ ಹಾರಿತೋ ನಿರಾಕರಿಸಿತೋ ಎಂದು ಬರೆದುಕೊಳ್ಳುವವರು ಬೇಕು, ಹವ್ಯಾಸಿ ಕೂಟಗಳಲ್ಲಿ ಅಂಥವರು ಸಿಗುವುದೇ ಕಷ್ಟವಂತೆ. ಅವಳು ಈಗ ಆ ಕೆಲಸಕ್ಕೆ ಒಪ್ಪಿಕೊಂಡಿದ್ದಾಳೆ.