ಗಾಜಿನ ಬಾಗಿಲ ಹೊರಗಿನ ಚಪ್ಪಲಿ

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹಿರಿಯ ಹೆಂಗಸನ್ನು ಒಮ್ಮೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದೆ. ಗಾಜಿನ ಬಾಗಿಲ ಹೊರಗೇ ಅವರು ಚಪ್ಪಲಿ ಬಿಟ್ಟರು. ‘ಹಾಕ್ಕೊಂಡೇ ಬನ್ನಿ, ಇದೇನು ಗುಡಿಯಾ?’ ಎಂದು ಗದರಿದೆ. ಖರ್ಚು ನನ್ನದು, ಇನ್ನೇನು ಬೇಕು ಎಂಬ ಧಿಮಾಕೂ ನನ್ನದೇ.

ಮಹಾರಾಷ್ಟ್ರದ ಗಡಚಿರೋಲಿಯ ಸಂಗತಿ ಓದುವಾಗ ಆ ಮಾತು ನೆನಪಾಗಿ ಚುಚ್ಚಿತು. ಅಭಯ್ ಬಂಗ್, ರಾಣಿ ಬಂಗ್ ವೈದ್ಯ ದಂಪತಿ 1986ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದವರು. ನಿಮಗೆ ಎಂಥ ಆಸ್ಪತ್ರೆ ಬೇಕು ಎಂದು ಅವರು ಅಲ್ಲಿನ ಗೊಂಡರನ್ನೇ ಕೇಳಿದರು. ದೊಡ್ಡ ಕಟ್ಟಡವೆಂದರೆ ಭಯ, ಜೊತೆಗೆ ಬಂದವರನ್ನು ಹೊರಗೆ ನಿಲ್ಲಿಸುತ್ತಾರೆ ಎಂದರು ಜನ. ಕೊನೆಗೆ ಗುಡಿಸಲುಗಳ ಊರಿನಂಥ ಆಸ್ಪತ್ರೆ ಎದ್ದಿತು. ಮನೆಯವರೂ ಅಲ್ಲೇ ಉಳಿಯಬಹುದು. ಹೆಸರು ಅವರ ದೇವತೆ ದಂತೇಶ್ವರಿಯದು. ಗುಡಿಯೇ ಆಯಿತಲ್ಲ!

ಹಾಗೆಂದು ಕೇಳಿದ್ದನ್ನೆಲ್ಲ ಕೊಡಲಾದೀತೇ? ಸಣ್ಣ ಜ್ವರಕ್ಕೂ ಸೂಜಿ ಚುಚ್ಚಿ ಎಂದರೆ ವೈದ್ಯರು ಆಗದು ಎನ್ನಲೇಬೇಕು. ಔಷಧ ಯಾವುದೆಂದು ಅವರೇ ಹೇಳಲಿ. ಬಾಗಿಲು ಹೇಗಿರಬೇಕೆಂಬುದನ್ನು ಮಾತ್ರ ಒಳಗೆ ಬರಲು ಅಂಜುವವರಲ್ಲದೆ ಬೇರೆ ಯಾರು ಹೇಳಬಲ್ಲರು? ಹಣ ಹೊಂದಿಸಿಕೊಟ್ಟರೆ ಬಡವರಿಗೂ ಸಮಾನ ಆರೋಗ್ಯ ಸಿಕ್ಕಂತೆ ಎಂದು ನಾನು ತಿಳಿದಿದ್ದೆ.

ಎರಡನೇ ತಪಾಸಣೆಗೆ ಅವರು ಬರಲೊಲ್ಲೆ ಎಂದರು. ಮೊಂಡುತನ ಎಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ.