ಕಲ್ಲು ಯಾರಿಗೆ, ಕುಡಿಕೆ ಯಾರಿಗೆ?

ನಮ್ಮ ಸಕಲೇಶಪುರ, ಆಲೂರು ಕಡೆಯ ಗುಡ್ಡದ ಊರುಗಳಲ್ಲಿ ಗದ್ದೆಯ ಬದುವಿನ ಮೇಲೋ, ಗುಡಿಯ ಮುಂದೋ ಹಳೇ ವೀರಗಲ್ಲುಗಳು ನಿಂತಿವೆ. ಕೆಳಗೆ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಇಂಥವನು ನೆನಪಿಗೆ ಯೋಗ್ಯ ಎಂದು ಊರು ಕೊಟ್ಟ ತೀರ್ಪು ಅದು. ಮಂಡ್ಯ ಸೀಮೆಯ ಆತಕೂರಿನಲ್ಲಿ ಹಂದಿಯ ಜೊತೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನೆಟ್ಟರು, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದು ಕಾದಿತು, ಕಲ್ಲು ಪಡೆಯಿತು. ಆದರೆ ಅಖಾಡಕ್ಕೇ ಬಿಟ್ಟುಕೊಳ್ಳದ ಮನುಷ್ಯನ ಯೋಗ್ಯತೆಯನ್ನು ಯಾವ ಕಲ್ಲಿನ ಮೇಲೆ ಕೆತ್ತುವುದು?

ಇವತ್ತು ಕಲ್ಲಿನ ಜಾಗಕ್ಕೆ ಪ್ರಶಸ್ತಿಗಳು ಬಂದಿವೆ. ಆಟಗಾರರಿಗೆ ಭಾರತ ಸರ್ಕಾರ 1961ರಿಂದ ಅರ್ಜುನನ ಹೆಸರಲ್ಲಿ ಪ್ರಶಸ್ತಿ ಕೊಡುತ್ತಿದೆ. ತರಬೇತಿ ಕೊಡುವವರಿಗೆ 1985ರಿಂದ ದ್ರೋಣಾಚಾರ್ಯರ ಹೆಸರು. ನಮ್ಮ ಕರ್ನಾಟಕದ್ದು ಏಕಲವ್ಯ ಪ್ರಶಸ್ತಿ. ಬೆರಳು ಕೇಳಿದವನಿಗೂ ಪ್ರಶಸ್ತಿ, ಬೆರಳು ಕೊಟ್ಟವನಿಗೂ ಪ್ರಶಸ್ತಿ! ಬೆರಳು ಕೇಳಿದ್ದು ಸರಿಯೇ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ.

ಯಾರು ದೊಡ್ಡ ಆಟಗಾರ ಎಂದು ಚರ್ಚೆ ಎದ್ದಾಗಲೆಲ್ಲ ನಾವು ಎತ್ತಬೇಕಾದ ಹೆಸರೊಂದಿದೆ: ಪಲವಂಕರ್ ಬಾಲೂ. 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದವರು, ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ ಉರುಳಿಸುತ್ತ, ಸಾಹೇಬರಿಗೆ ಗಂಟೆಗಟ್ಟಲೆ ಚೆಂಡು ಎಸೆದು ಎಸೆದೇ ಎಡಗೈ ಸ್ಪಿನ್ ಪಳಗಿಸಿಕೊಂಡರು. ಚೆಂಡು ಎಸೆಯಬಹುದಿತ್ತು, ಬ್ಯಾಟು ಮುಟ್ಟುವ ಹಾಗಿರಲಿಲ್ಲ. ಬಿಳಿಯರನ್ನು ಸೋಲಿಸಬೇಕು ಅನ್ನೋ ಆಸೆ ಬಂದಾಗ ಪುಣೆಯ ಹಿಂದೂಗಳು ಅವರನ್ನು ತಂಡಕ್ಕೆ ಕರೆದುಕೊಂಡರು. ಮೈದಾನದಲ್ಲಿ ಅವರು ಎಸೆದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಟೀ ಹೊತ್ತಿಗೆ ಮಾತ್ರ ಅವರು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು, ಮಿಕ್ಕವರಿಗೆ ಒಳಗೆ ಪಿಂಗಾಣಿ ಕಪ್ಪು. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು? ಗೆಲ್ಲಿಸಿ ಕೊಡೋ ಕೈ ಬೇಕು, ಆ ಕೈ ಮುಟ್ಟಿದ ಕಪ್ಪು ಬೇಡ.

1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಬಾಲೂ 114 ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ದಕ್ಕಲಿಲ್ಲ. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರೇ ಈ ಗೌರವ ಬಾಲೂಗೆ ಸಲ್ಲಬೇಕಿತ್ತು ಎಂದರು. ಅಣ್ಣತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತ ಮೇಲೆ, 1920ರಲ್ಲಿ, ಉಪನಾಯಕನ ಸ್ಥಾನ ಸಿಕ್ಕಿತು. 1923ರಲ್ಲಿ ತಮ್ಮ ವಿಠ್ಠಲ ನಾಯಕನಾದರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟೊತ್ತಿಗೆ ಬಾಲೂಗೆ ವಯಸ್ಸು ಐವತ್ತು ದಾಟಿತ್ತು. 2009ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಕಟ್ಟಿದ ಹಾಲ್ ಆಫ್ ಫೇಮ್‌ನಲ್ಲಿ, ಅಂದರೆ ಕೀರ್ತಿವಂತರ ಪಟ್ಟಿಯಲ್ಲಿ, ಅವರ ಹೆಸರಿಲ್ಲ.

'ಆಟದಲ್ಲಿ ಜಾತಿ ಯಾಕೆ ತರ್ತೀರಿ? ಲೆಕ್ಕ ನೋಡಿ, ಲೆಕ್ಕ ಸುಳ್ಳು ಹೇಳಲ್ಲ' ಅಂತಾರೆ ಕೆಲವರು. ಒಪ್ಪೋಣ, ಲೆಕ್ಕ ಸುಳ್ಳು ಹೇಳುವುದಿಲ್ಲ. ಆದರೆ ಬಾಗಿಲು ಹಾಕಿದ ಮನೆಯೊಳಗೆ ಮಾಡಿದ ಎಣಿಕೆ ಒಳಗಿದ್ದವರ ಎಣಿಕೆ ಮಾತ್ರ. ಹೊರಗಿದ್ದವನ ಸೊನ್ನೆ ಅವನ ತೋಳಿನ ಸೊನ್ನೆಯಲ್ಲ, ಬಾಗಿಲು ಹಾಕಿದವನದು. ಆಟಕ್ಕೆ ಜಾತಿ ತಂದವರು ನಾವಲ್ಲ. ಅದು ಕುಡಿಕೆಯ ರೂಪದಲ್ಲಿ ಅಲ್ಲೇ ಇತ್ತು.

ಅಮೆರಿಕದಲ್ಲಿ ನಮ್ಮ ಕರಿಯ ಬಂಧುಗಳಿಗೂ ಇದೇ ಆಯಿತು. ಅಲ್ಲಿಯ ಜನಪ್ರಿಯ ಆಟ ಬೇಸ್‌ಬಾಲ್. ಅದರ ಹಾಲ್ ಆಫ್ ಫೇಮ್‌ಗೆ 1936ರಲ್ಲೇ ಆಯ್ಕೆ ಶುರುವಾದಾಗ ದೊಡ್ಡ ಲೀಗುಗಳಲ್ಲಿ ಕರಿಯರಿಗೆ ಜಾಗವೇ ಇರಲಿಲ್ಲ. ಅವರು ನೀಗ್ರೋ ಲೀಗ್ ಎಂದು ಬೇರೆ ಕಟ್ಟಿಕೊಂಡು ಆಡುತ್ತಿದ್ದರು. ಜಾಕಿ ರಾಬಿನ್‌ಸನ್ 1947ರ ಏಪ್ರಿಲ್‌ನಲ್ಲಿ ಆ ಗೋಡೆ ದಾಟಿ ಒಳಗೆ ಬಂದರು. ಮಹಾ ದಾಂಡಿಗ ಜಾಶ್ ಗಿಬ್ಸನ್ ಅದೇ ವರ್ಷ ಜನವರಿಯಲ್ಲಿ, 35ನೇ ವಯಸ್ಸಿಗೆ ಸತ್ತಿದ್ದರು. 1971ರಲ್ಲಿ ಸ್ಯಾಚೆಲ್ ಪೇಜ್ ಎಂಬ ಚೆಂಡುಗಾರನನ್ನು ಸನ್ಮಾನಿಸಲು ಹೊರಟವರು ಕರಿಯರಿಗೆಂದೇ ಬೇರೆ ವಿಭಾಗ ಮಾಡಲು ಯೋಚಿಸಿದ್ದರು. ಕೀರ್ತಿಯಲ್ಲೂ ಬೇರೆ ಕೇರಿ! ಜನ ಬೈದ ಮೇಲೆ ಅದನ್ನು ಕೈಬಿಟ್ಟರು. ನೀಗ್ರೋ ಲೀಗಿನ ಲೆಕ್ಕವನ್ನು ದೊಡ್ಡ ಲೀಗಿನ ಲೆಕ್ಕಕ್ಕೆ ಸೇರಿಸಿದ್ದು 2024ರಲ್ಲಿ. ಸೇರಿಸಿದ ಕೂಡಲೇ ದಾಂಡಿಗರ ಸರಾಸರಿಯಲ್ಲಿ ಟೈ ಕಾಬ್ ಎಂಬ ಬಿಳಿಯ ಆಟಗಾರ ಎರಡನೆಯವನಾದ, ಜಾಶ್ ಗಿಬ್ಸನ್ ಮೊದಲನೆಯವನಾದ. ಅಲ್ಲಿ ಯಾರೂ ಯಾರಿಗೂ ದಯೆ ತೋರಿಸಲಿಲ್ಲ. ಅರ್ಧ ಪುಟ ಹರಿದಿದ್ದ ಲೆಕ್ಕದ ಪುಸ್ತಕಕ್ಕೆ ಆ ಪುಟ ಅಂಟಿಸಿದರು, ಅಷ್ಟೇ.

ಇಲ್ಲಿ ನಮಗೇ ಒಂದು ಕಷ್ಟದ ಪ್ರಶ್ನೆ ಇದೆ. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರ ವಿರುದ್ಧ ಕಾಂಗ್ರೆಸ್ಸು ನಿಲ್ಲಿಸಿದ್ದು ಇದೇ ಬಾಲೂ ಅವರನ್ನು. ಬಾಬಾಸಾಹೇಬರು ಗೆದ್ದರು. ನಮ್ಮವರೇ ಕೆಲವರು, 'ಅಂಥವನ ಪಟ ಯಾಕೆ ಇಡಬೇಕು?' ಅಂತ ಕೇಳ್ತಾರೆ. ಆ ರಾಜಕೀಯವನ್ನು ನಾವು ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಪಕ್ಷ ನೋಡಿ ಅವರ ವಿಕೆಟ್ ಅಳಿಸಿದರೆ, ಜಾತಿ ನೋಡಿ ನಾಯಕತ್ವ ತಪ್ಪಿಸಿದವರಿಗೂ ನಮಗೂ ಏನು ವ್ಯತ್ಯಾಸ? ಅವರ ಆಟಕ್ಕೆ ಆಟದ ಅಳತೆ, ರಾಜಕೀಯಕ್ಕೆ ರಾಜಕೀಯದ ಅಳತೆ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಎದೆಗಾರಿಕೆ ನಮಗೆ ಬೇಕು. ಕಳಂಕವೇ ಇಲ್ಲದ ದಲಿತನಿಗೆ ಮಾತ್ರ ಗೌರವ ಎನ್ನುವುದಾದರೆ ಅದು ಇನ್ನೊಂದು ಮಡಿ. ಮೇಲುಜಾತಿಯ ವೀರರನ್ನು ಯಾರು ಯಾವತ್ತು ಹಾಗೆ ಸೋಸಿ ನೋಡಿದ್ದಾರೆ?

ಹಾಗಂತ ಪಟ ತೂಗುಹಾಕಿದರೆ ನ್ಯಾಯ ಸಿಕ್ಕಿತು ಎಂದು ನಾವು ನಂಬುವುದಿಲ್ಲ. ಸತ್ತವನಿಗೆ ಹಾರ ಹಾಕಿ, ಬದುಕಿರುವವನಿಗೆ ಬಾಗಿಲು ಹಾಕುವುದು ಈ ವ್ಯವಸ್ಥೆಗೆ ಬಹಳ ಸುಲಭದ ಕೆಲಸ. ಕಾಫಿ ತೋಟದ ಲೈನ್ ಮನೆಯ ಹುಡುಗಿ ಬರಿಗಾಲಲ್ಲಿ ಓಡಿ ಹೋಬಳಿ ಕ್ರೀಡಾಕೂಟದಲ್ಲಿ ಗೆಲ್ಲುತ್ತಾಳೆ ಅಂತಿಟ್ಟುಕೊಳ್ಳಿ. ತಾಲ್ಲೂಕಿಗೆ ಹೋಗಲು ಬಸ್ಸಿನ ದುಡ್ಡಿಲ್ಲ. ಹಣ್ಣು ಕೊಯ್ಯುವ ಕಾಲ, ಅವ್ವನ ಜೊತೆ ತೋಟಕ್ಕೆ ಹೋಗಬೇಕು. ಅವಳ ಓಟ ಅಲ್ಲಿಗೆ ನಿಂತಿತು. ಮುಂದೆ ಯಾರೋ ಲೆಕ್ಕ ತೆಗೆದು, ಈ ಗುಡ್ಡಗಳಲ್ಲಿ ಓಟಗಾರರೇ ಹುಟ್ಟಲಿಲ್ಲ ಎಂದು ಬರೆಯುತ್ತಾರೆ. ಅವರ ಲೆಕ್ಕವೂ ಸುಳ್ಳಾಗಿರುವುದಿಲ್ಲ!

ಆದ್ದರಿಂದ ಮೇಷ್ಟ್ರುಗಳೇ, ಗೆಳೆಯರೇ, ಗೌರವ ಯಾರಿಗೆ ಸಲ್ಲಬೇಕು ಎಂಬ ತೀರ್ಮಾನವನ್ನು ದೆಹಲಿಗೂ ಬೆಂಗಳೂರಿಗೂ ಬಿಟ್ಟು ಕೂರುವುದು ಬೇಡ. ಶಾಲೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಎಷ್ಟು ಓಡಿದರು, ಯಾರು ಎಷ್ಟು ದೂರ ಜಿಗಿದರು, ಕಬಡ್ಡಿಯಲ್ಲಿ ಯಾರು ಎಷ್ಟು ಜನರನ್ನು ಔಟ್ ಮಾಡಿದರು ಎಂದು ಹೆಸರು ಹಿಡಿದು ಬರೆಯಿರಿ. ಮುಂದಿನ ಕೂಟಕ್ಕೆ ಯಾರು ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಬಸ್ಸಿನ ದುಡ್ಡೇ ಕಾರಣವಾದರೆ ಆ ದುಡ್ಡನ್ನು ನಾವು ಕೂಡಿಸೋಣ. ಆಟ ಮುಗಿದ ಮೇಲೆ ಎಲ್ಲ ಮಕ್ಕಳೂ ಒಂದೇ ಕೊಡದ ನೀರನ್ನು ಒಂದೇ ಲೋಟದಲ್ಲಿ ಕುಡಿಯುತ್ತಾರೋ ಇಲ್ಲವೋ, ಅದನ್ನು ನಿಂತು ನೋಡಿ.